ಸೊಳ್ಳೆಯ ಸೂಜಿಯೂ ನನ್ನ ಬೆರಳೂ

ಕಳೆದ ವರ್ಷ ಚೌತಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಒಂಬತ್ತು ವರ್ಷದ ಮಗಳು ಅನ್ವಿತಾಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಎಂಟು ತಿಂಗಳಾಗಿತ್ತು. ತಿನ್ನುವ ಮುಂಚೆ ಇನ್ಸುಲಿನ್ ಚುಚ್ಚಲೇಬೇಕು. ಹೆಂಡತಿ ಬೇಗ ಕೆಲಸಕ್ಕೆ ಹೋಗುವುದರಿಂದ ಬೆಳಗಿನ ಸೂಜಿ ನನ್ನ ಪಾಲಿಗೆ. ಅಮ್ಮ ಚುಚ್ಚಿದರೆ ಸುಮ್ಮನಿರುವವಳು ನನ್ನೆದುರು ಮಾತ್ರ ರಂಪ ಮಾಡುತ್ತಿದ್ದಳು. ಅಪ್ಪನೆಂಬ ಸಲಿಗೆ ಎಂದುಕೊಂಡಿದ್ದೆ.

ಆ ದಿನ ಮಂಚದಡಿ ನುಸುಳಿ ಹೊರಗೆ ಬರಲೇ ಇಲ್ಲ. ತಿಂಡಿ ತಣ್ಣಗಾಯಿತು, ಸ್ಕೂಲ್ ಬಸ್ ಹೋಯಿತು. ಎಳೆದು ಹಿಡಿದರೆ ಕೊಸರಾಡಿ ಸೂಜಿಯೇ ಬಗ್ಗಿತು. ಮದ್ದಿಲ್ಲದೆ ಏನಾದರೂ ಆದರೆ ಎಂದು ಜೀವ ಬಾಯಿಗೆ ಬಂತು. ಇನ್ಸುಲಿನ್ನನ್ನೂ ತಿಂಡಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿ, ಅವಳನ್ನೆತ್ತಿಕೊಂಡು ನಮ್ಮ ವಡಾಲದ ದವಾಖಾನೆಗೆ ಓಡಿದೆ.

ಅಲ್ಲಿನ ನರ್ಸ್ ವಿಜಯಪುರದ ಕಡೆಯವರು. ನಾನು ಹೇಳಿದ್ದನ್ನೆಲ್ಲ ಕೇಳಿ, ಅನ್ವಿತಾಳ ತೋಳಿನ ಮೇಲೆ ಕೂತಿದ್ದ ಸೊಳ್ಳೆಯನ್ನು ಓಡಿಸಿ, "ಇದು ಕಚ್ಚಿದ್ದು ಗೊತ್ತಾತೇನವ್ವಾ?" ಎಂದರು.

"ನಹೀಂ," ಎಂದು ಮಗಳು ತನ್ನ ಸ್ಕೂಲಿನ ಹಿಂದಿಯಲ್ಲೇ ತಲೆಯಾಡಿಸಿದಳು.

"ಅದರ ಸೂಜಿಗೆ ಗರಗಸದಂಗ ಸಣ್ಣ ಹಲ್ಲು ಅದಾವ. ನಡುಗಿಸ್ಕೋತ ಹಗೂರಕ ಇಳಸ್ತದ, ಜೋರು ಮಾಡೂದಿಲ್ಲ. ಅದನ್ನ ನೋಡೇ ವಿಜ್ಞಾನಿಗಳು ನೋವು ಕಡಿಮಿ ಆಗೋ ಸೂಜಿ ಮಾಡಾಕತ್ತಾರ."

"ಯಾವ ಮೆಡಿಕಲಲ್ಲಿ ಸಿಗ್ತದೆ ಸಿಸ್ಟರ್? ಈಗ್ಲೇ ತರ್ತೇನೆ," ಎಂದು ಎದ್ದೇಬಿಟ್ಟೆ.

"ಕೂಡ್ರಿ, ಅದಿನ್ನೂ ಅಂಗಡಿಗೆ ಬಂದಿಲ್ಲ." ಅವರು ಮಗಳ ತೋಳು ತಿರುಗಿಸಿ ನೋಡಿದರು. ಅಲ್ಲಿ ನೀಲಿಗಟ್ಟಿತ್ತು. "ಇದು ಸೂಜಿ ಗುರ್ತಲ್ರೀ. ಚುಚ್ಚೂ ಮುಂದ ಚರ್ಮ ಹೆಂಗ ಹಿಡೀತೀರಿ? ನನ್ನ ಕೈ ಹಿಡದು ತೋರಸ್ರಿ."

ಮೆಲ್ಲಗೇ ಹಿಡಿದೆ.

"ಅಯ್ಯಯ್ಯೋ, ಬಿಡ್ರೀ! ಏನ್ ಕೆಲಸ ಮಾಡ್ತೀರಿ ನೀವು?"

ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ದೋಸೆ ಹುಯ್ಯುತ್ತಿದ್ದೇನೆ. ಕಾದ ಕಾವಲಿಯಿಂದ ದೋಸೆಯ ಅಂಚನ್ನು ಬರಿಗೈಯಲ್ಲೇ ಎಬ್ಬಿಸಿ ಎಬ್ಬಿಸಿ ಬೆರಳ ತುದಿ ಜಡ್ಡುಗಟ್ಟಿದೆ. ಬಿಸಿ ತಾಗುವುದಿಲ್ಲ ಎಂದು ಜಂಬ ಬೇರೆ. ಎಷ್ಟು ಒತ್ತುತ್ತಿದ್ದೇನೆಂಬುದೂ ಆ ಬೆರಳಿಗೆ ತಿಳಿಯುತ್ತಿರಲಿಲ್ಲ!

ಅಲ್ಲೇ ಹೊಸ ಸೂಜಿ ಹಾಕಿ ಮಗಳನ್ನೇ ಕೇಳುತ್ತ ಹಿಡಿದೆ. "ಔರ್ ಲೂಸ್ ಪಪ್ಪಾ..." ಇನ್ನಷ್ಟು ಸಡಿಲಿಸಿದೆ. "ಹಾಂ, ಬಸ್." ಚುಚ್ಚಿದೆ. ಅವಳು ಕಿರುಚಲಿಲ್ಲ. ಅಂದಿನಿಂದ ಇಂದಿನವರೆಗೆ ಅವಳು 'ಬಸ್', ಅಂದರೆ ಸಾಕು, ಎನ್ನದೆ ನಾನು ಸೂಜಿ ಎತ್ತುವುದಿಲ್ಲ.

ಆದರೆ ಅವತ್ತು ಡಬ್ಬಿಯ ಇಡ್ಲಿ ತಿನ್ನುತ್ತಿದ್ದವಳನ್ನು ಕೇಳದಿರಲು ಆಗಲಿಲ್ಲ. "ಇಷ್ಟು ದಿನ ಸೂಜಿ ನೋವು, ಸೂಜಿ ನೋವು ಅಂತ ಅಳ್ತಿದ್ದೆಯಲ್ಲ ಮಗಾ, ನನ್ನ ಕೈ ಅಂತ ಯಾಕೆ ಹೇಳ್ಲಿಲ್ಲ?"

ಅವಳು ತಲೆ ಎತ್ತದೆ ಹೇಳಿದಳು: "ಸೂಜಿಗೆ ಬೈದ್ರೆ ಅದಕ್ಕೆ ಬೇಜಾರಾಗಲ್ಲ ಪಪ್ಪಾ."