ಸಿಸ್ಟರಮ್ಮನಿಗೆ ಹೇಳಿಕೊಡದ ಪಾಠ

ಹೋದ ತಿಂಗಳು ಮೊಮ್ಮಗಳಿಗೆ ಪೋಲಿಯೊ ಹನಿ ಹಾಕಿಸಲು ಚಿಂತಾಮಣಿಯಲ್ಲಿ ನಮ್ಮ ಬೀದಿಯ ಅಂಗನವಾಡಿಗೆ ಹೋಗಿದ್ದೆ. ಒಳಗೆ ಸೂರಿನ ಕೊಕ್ಕೆಗೆ ಹಗ್ಗ ಕಟ್ಟಿ ಒಂದು ಹಳೆಯ ತಕ್ಕಡಿ ತೂಗುಹಾಕಿದ್ದರು. ಗಡಿಯಾರದಂಥ ದುಂಡು ಮುಖ, ಒಂದೇ ಮುಳ್ಳು, ಕೆಳಗೆ ಮಗುವನ್ನು ಕೂರಿಸುವ ಬಟ್ಟೆಯ ಜೋಳಿಗೆ. ಜೋಳಿಗೆ ಖಾಲಿಯಿತ್ತು. ಫ್ಯಾನಿನ ಗಾಳಿಗೆ ಸಣ್ಣಗೆ ಅಲ್ಲಾಡುತ್ತಿತ್ತು. ಸಿಸ್ಟರಮ್ಮ ತೀರಿಕೊಂಡ ಸುದ್ದಿ ಬಂದು ಆಗ ಎರಡು ವಾರವಾಗಿತ್ತು, ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಅಂಗನವಾಡಿಯಲ್ಲಿ, ಅಷ್ಟು ಜನ ತಾಯಂದಿರ ಮುಂದೆ, ಬಂತು. ಮೊಮ್ಮಗಳು ಹನಿ ಹಾಕಿಸಿಕೊಂಡು ಅಳದೆ ನನ್ನ ಮುಖವನ್ನೇ ನೋಡುತ್ತಿದ್ದಳು.

ಅಂಬಾಜಿದುರ್ಗದ ಬುಡದಲ್ಲಿರುವ ನಮ್ಮ ಊರಿಗೆ ಸಿಸ್ಟರಮ್ಮ ಬಂದಾಗ ನನಗೆ ಇಪ್ಪತ್ತು ವರ್ಷ. ಟಿ.ಸಿ.ಎಚ್. ಮುಗಿಸಿ ಸರ್ಕಾರಿ ಶಾಲೆಯ ಆರ್ಡರಿಗಾಗಿ ಕಾಯುತ್ತಾ ಮನೆಯಲ್ಲಿ ಕೂತಿದ್ದೆ. ಅವರು ಐರ್ಲೆಂಡಿನವರು, ನರ್ಸ್ ಓದಿದ ಕ್ರೈಸ್ತ ಸನ್ಯಾಸಿನಿ. ಕೇರಳದ ಹಿರಿಯ ಸಿಸ್ಟರ್ ಒಬ್ಬರ ಜೊತೆ ಊರ ಬಾಗಿಲಲ್ಲಿ ಒಂದು ಹೆಂಚಿನ ಮನೆ ಹಿಡಿದು ಚಿಕ್ಕ ಆಸ್ಪತ್ರೆ ತೆರೆದಿದ್ದರು. ಎತ್ತರದ ಆಳು, ತಿಳಿನೀಲಿ ಸೀರೆ. ನೆರಿಗೆ ಒಂದು ದಿನವೂ ನೆಟ್ಟಗೆ ಕೂತದ್ದಿಲ್ಲ. ಬಿಸಿಲಿಗೆ ಮುಖ ಟೊಮೆಟೊ ಆಗುತ್ತಿತ್ತು. ಮುದ್ದೆಯನ್ನು ಅಗಿದು ಅಗಿದು ತಿನ್ನುತ್ತಿದ್ದರು. ನುಂಗಬೇಕು ಎಂದು ನಾನು ಎಷ್ಟು ಸಲ ಹೇಳಿದರೂ, ಅಗಿಯದೆ ನುಂಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ನನಗೇ ಪಾಠ ಹೇಳಿದರು.

ಅವರಿಗೆ ಕನ್ನಡ ಕಲಿಸುವ ಕೆಲಸ ನನಗೆ ಸಿಕ್ಕಿತು. ನನಗಿಂತ ಹದಿಮೂರು ವರ್ಷ ದೊಡ್ಡವರಾದರೂ ಮೊದಲ ದಿನದಿಂದಲೇ ನನ್ನನ್ನು "ಟೀಚರ್" ಎಂದು ಕರೆದರು. ಊರವರ ಬಾಯಲ್ಲಿ ಅವರು ಸಿಸ್ಟರಮ್ಮ, ನನಗೆ ಸಿಸ್ಟರ್. ಮೊದಲ ಪಾಠಕ್ಕೆ ನಾನು ಆರಿಸಿಕೊಂಡದ್ದು ಮನೆಯಿಂದ ಹೊರಡುವಾಗ ಆಡುವ ಮಾತನ್ನು. 'ಹೋಗ್ತೀನಿ' ಎಂದು ಯಾವತ್ತೂ ಅನ್ನಬಾರದು, 'ಹೋಗ್ಬರ್ತೀನಿ' ಅನ್ನಬೇಕು, ಯಾರ ಮನೆಯಿಂದ ಎದ್ದರೂ ಸರಿ, ಮರೆಯಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅವರು ಹತ್ತು ಸಲ ಹೇಳಿ ಅಭ್ಯಾಸ ಮಾಡಿದರು. ಯಾರ ಮನೆಯಿಂದ ಎದ್ದರೂ... ನನ್ನ ಬಾಯಿಂದ ಬಂದ ಮಾತೇ ಅದು.

ಒಂದು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಜ್ವರ, ಗಾಯ, ಕಜ್ಜಿ ಎಂದು ಜನ ಬರುತ್ತಿದ್ದರು. ಗುರುವಾರ ಗುರುವಾರ ಸಿಸ್ಟರಮ್ಮ ತಕ್ಕಡಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಹೋಗಿ ಕೂಸುಗಳ ತೂಕ ನೋಡುತ್ತಿದ್ದರು.

ಆಮೇಲೆ ಮೇಲಿನ ಬೀದಿಯ ದೊಡ್ಡ ಮನೆಯಲ್ಲಿ ಸೊಸೆಗೆ ಹೆರಿಗೆಯಾಯಿತು. ಊರಿನಲ್ಲಿ ಹೊಲಗದ್ದೆ ಹೆಚ್ಚಾಗಿದ್ದ ಮನೆ ಅದು, ಯಜಮಾನಿಕೆ ಎಲ್ಲ ಅತ್ತೆಯದು. ಅವರನ್ನು ಊರೆಲ್ಲ ಅಜ್ಜಿ ಎನ್ನುತ್ತಿತ್ತು. ಮನೆಯಲ್ಲೇ ಹೆಣ್ಣು ಮಗು ಹುಟ್ಟಿತು, ಸೂಲಗಿತ್ತಿ ಹೋದಳು, ಆಮೇಲೆ ಬಾಣಂತಿಗೆ ರಕ್ತ ನಿಲ್ಲಲಿಲ್ಲ. ಸಿಸ್ಟರಮ್ಮನಿಗೆ ಹೇಳಿ ಕಳಿಸುವಷ್ಟರಲ್ಲಿ ತುಂಬ ಹೊತ್ತಾಗಿತ್ತು. ಅವರು ತಾವೇ ಜೊತೆಗೆ ಕೂತು ವ್ಯಾನಿನಲ್ಲಿ ಚಿಂತಾಮಣಿಗೆ ಹೊರಟರು. ಅರ್ಧ ದಾರಿಯಲ್ಲಿ ಆ ಹುಡುಗಿ ಹೋಗಿಬಿಟ್ಟಳು. ನನಗಿಂತ ಒಂದು ವರ್ಷ ಚಿಕ್ಕವಳು.

ಯಾರೂ ಸಿಸ್ಟರಮ್ಮನನ್ನು ದೂರಲಿಲ್ಲ. ಇದನ್ನು ಹೇಳಲೇಬೇಕು. ಮೂರನೆಯ ದಿನ ಅವರು ಮಾತಾಡಿಸಿ ಬರಲು ಹೊರಟರು, ನಾನೂ ಜೊತೆಗೆ ಹೋದೆ. ನಡುಮನೆಯಲ್ಲಿ ಹೆಂಗಸರು ಗೋಡೆಗೊರಗಿ ಕೂತಿದ್ದರು. ಅಜ್ಜಿಯ ತೊಡೆಯ ಮೇಲೆ ಕೂಸು. ಸಿಸ್ಟರಮ್ಮ ನೆಲದ ಮೇಲೆ ಕೂತು ಅಜ್ಜಿಯ ಕೈ ಹಿಡಿದುಕೊಂಡರು, ಅಜ್ಜಿ ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದರು, ಕೈ ಮುಗಿದರು, ನಾನು ತಿದ್ದಿ ತೀಡಿದ ಸ್ಪಷ್ಟ ಉಚ್ಚಾರದಲ್ಲಿ ಹೇಳಿದರು.

"ಹೋಗ್ಬರ್ತೀನಿ, ಅಜ್ಜಿ."

ಸಾವಿನ ಮನೆಯಲ್ಲಿ ಆ ಮಾತನ್ನು ಆಡುವುದಿಲ್ಲ. ಮತ್ತೆ ಬರುತ್ತೇನೆ ಎಂದರೆ ಮತ್ತೊಂದು ಸಾವನ್ನು ಕರೆದಂತೆ. ಎದ್ದು, ಏನೂ ಹೇಳದೆ, ತಿರುಗಿ ನೋಡದೆ ಬಂದುಬಿಡಬೇಕು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ. ಗೊತ್ತಿರುವುದರಿಂದಲೇ ಹೇಳಿಕೊಡಬೇಕು ಎಂದು ನನಗೆ ಹೊಳೆದಿರಲಿಲ್ಲ. ಅಜ್ಜಿ ಕೂಸನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ನಾನು ನೆಲ ನೋಡಿದೆ.

ದಾರಿಯಲ್ಲಿ ಸಿಸ್ಟರಮ್ಮ ಕೇಳಿದರು, "ನಾನು ಸರಿಯಾಗಿ ಹೇಳಿದೆನಾ ಟೀಚರ್?"

"ಸರಿಯಾಗಿತ್ತು ಸಿಸ್ಟರ್" ಎಂದೆ.

ಮಾರನೆಯ ದಿನ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಅಮ್ಮ ಅಂದಳು, "ಹೋಗ್ಬರ್ತೀನಿ ಅಂದ್ಲಂತೆ ಕಣೇ, ಹೆಣ ಎತ್ತಿದ ಮನೇಲಿ! ನೀನಂತೂ ಇದನ್ನ ಕಲಿಸಿರಲ್ಲ, ಇನ್ಯಾರು ಕಲಿಸಿದ್ರೋ ಮಹಾತಾಯಿಗೆ." ನಾನು ತಲೆಯೆತ್ತದೆ ಕಾಯಿ ಬಿಡಿಸಿದೆ.

ಜನ ಆಸ್ಪತ್ರೆಗೆ ಬರುವುದು ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಏನೂ ತಿಳಿಯದ ಸಿಸ್ಟರಮ್ಮ, ತಾಯಿಯಿಲ್ಲದ ಕೂಸಲ್ಲವೇ ಎಂದು ಪ್ರತಿ ಗುರುವಾರ ತಕ್ಕಡಿ ಕಟ್ಟಿಕೊಂಡು ಆ ಮನೆಗೇ ಮೊದಲು ಹೋಗುತ್ತಿದ್ದರು. ಬರ್ತೀನಿ ಅಂದವಳು ಬಂದೇಬಿಟ್ಟಳು ಎಂದು ಒಳಗಿನವರು ಕದ ಹಾಕಿಕೊಳ್ಳುತ್ತಿದ್ದರು. ಇವರು ಜಗಲಿಯ ಮೇಲೆ ಅರ್ಧ ಗಂಟೆ ಕೂತು ಬರುತ್ತಿದ್ದರು. ಕದದಾಚೆಯಿಂದ ಕೂಸಿನ ಅಳು ಕೇಳುತ್ತಿತ್ತು. "ಆ ಅಳುವಿನಲ್ಲಿ ಶಕ್ತಿ ಇಲ್ಲ ಟೀಚರ್. ಹಾಲಿಗೆ ನೀರು ಜಾಸ್ತಿ ಹಾಕ್ತಿದ್ದಾರೆ. ಒಂದು ಸಲ ನೋಡೋಕೆ ಬಿಟ್ರೆ ಸಾಕು" ಎಂದು ನನ್ನ ಮುಂದೆ ಒದ್ದಾಡುತ್ತಿದ್ದರು. ನನಗೆ ಕಾರಣ ಗೊತ್ತಿತ್ತು. ಹೇಳಿದರೆ ನನ್ನ ತಪ್ಪು ಹೊರಬೀಳುತ್ತಿತ್ತು, ಊರು ಸಿಸ್ಟರಮ್ಮನನ್ನು ಬಿಟ್ಟು ನನ್ನನ್ನು ಹಿಡಿದುಕೊಳ್ಳುತ್ತಿತ್ತು. ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಆ ಎರಡು ತಿಂಗಳಲ್ಲಿ ಅವರು ಇಳಿದುಹೋದರು. ಬೆಳಿಗ್ಗೆ ಸಂಜೆ ಪ್ರಾರ್ಥನೆಗೆ ಕೂರುತ್ತಿದ್ದ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದಾರೆ ಎಂದು ಕೇರಳದ ಸಿಸ್ಟರ್ ನನ್ನ ಹತ್ತಿರ ಪೇಚಾಡಿಕೊಂಡರು. ಒಂದು ದಿನ ಪಾಠದ ಹೊತ್ತಿಗೆ ನನ್ನ ಕೈಗೆ ಒಂದು ಲಕೋಟೆ ಕೊಟ್ಟು ಚಿಂತಾಮಣಿಯಲ್ಲಿ ಪೋಸ್ಟ್ ಮಾಡಲು ಹೇಳಿದರು. "ನನ್ನನ್ನ ವಾಪಸ್ ಕರೆಸ್ಕೊಳ್ಳಿ ಅಂತ ನಮ್ಮ ಮಠದವರಿಗೆ ಬರೆದಿದ್ದೀನಿ. ದೇವರು ನನ್ನನ್ನ ಇಲ್ಲಿಗೆ ಕಳಿಸಿದ ಅಂದ್ಕೊಂಡಿದ್ದೆ. ಕಳಿಸಿರಲಿಲ್ಲ ಅಂತ ಕಾಣುತ್ತೆ."

ಚಿಂತಾಮಣಿಯ ಪೋಸ್ಟಾಫೀಸಿನ ಕೆಂಪು ಡಬ್ಬಿಯ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ... ದೇವರ ವಿಷಯದಲ್ಲಿ ನಾನು ಆಗಲೂ ಅಷ್ಟಕ್ಕಷ್ಟೇ, ಈಗಲೂ ಅಷ್ಟಕ್ಕಷ್ಟೇ. ಆದರೆ ನಾನು ಮಾಡಿದ ತಪ್ಪನ್ನು ಅವರು ತಮ್ಮ ದೇವರ ತಲೆಗೆ ಕಟ್ಟುತ್ತಿದ್ದುದು ನೋಡಿ ನಾಚಿಕೆಯಾಯಿತು. ಮುಂದಿನ ಬಸ್ಸಿಗೇ ವಾಪಸ್ ಬಂದು ಲಕೋಟೆಯನ್ನು ಅವರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ.

"ಯಾವಾಗಿಂದ ಗೊತ್ತು?" ಎಂದರು.

"ಅವತ್ತಿಂದಾನೇ."

ಅವರು ನನ್ನನ್ನು ಕ್ಷಮಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಮುಖ ಕೆಂಪೇರಿತು. "ಮನೆಗೆ ಹೋಗಿ" ಎಂದು ಬಾಗಿಲು ತೋರಿಸಿದರು. ನಾಲ್ಕು ದಿನ ಪಾಠವಿಲ್ಲ. ಐದನೆಯ ದಿನ ಹೇಳಿ ಕಳಿಸಿದರು. ನಾನು ಹೋದಾಗ ನೋಟ್‌ಬುಕ್ ತೆರೆದು, ಪೆನ್ನು ಹಿಡಿದು ಕೂತಿದ್ದರು. "ಸಾವಿನ ಮನೆಯಿಂದ ಹೇಗೆ ಎದ್ದು ಬರಬೇಕು, ಅದನ್ನ ಹೇಳಿಕೊಡಿ."

ಆಸ್ಪತ್ರೆಯ ಬೆಂಚಿನ ಮೇಲೆ ನಾನು ಅಜ್ಜಿಯಾಗಿ ಕೂತೆ. ಅವರು ಬಂದು ಕೂರುವುದು, ಏಳುವುದು, ಸುಮ್ಮನೆ ನಡೆಯುವುದು. ಮೊದಲೆರಡು ಸಲ ಬಾಗಿಲಲ್ಲಿ ನಿಂತು ತಿರುಗಿ ನೋಡಿಬಿಟ್ಟರು, ನಾನು ಗದರಿದೆ. ಹೊರಗಿನಿಂದ ಯಾರಾದರೂ ನೋಡಿದ್ದರೆ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಐದನೆಯ ಸಲಕ್ಕೆ ಬಂತು.

ಅವತ್ತೇ ಸಂಜೆ ತಕ್ಕಡಿಯಿಲ್ಲದೆ, ಸೈಕಲ್ಲಿಲ್ಲದೆ ನಡೆದುಕೊಂಡು ಹೋದರು. ಕದ ಹಾಕಿತ್ತು. ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತರು. ಕಿಟಕಿಯ ಹಿಂದೆ ಅಜ್ಜಿ ನಿಂತಿದ್ದದ್ದು ಬೀದಿಯಲ್ಲಿದ್ದ ನನಗೆ ಕಾಣುತ್ತಿತ್ತು. ಸಿಸ್ಟರಮ್ಮ ಎದ್ದರು, ಕೈ ಕೂಡ ಮುಗಿಯಲಿಲ್ಲ, ಬೀದಿಯ ಕೊನೆಯವರೆಗೆ ಒಮ್ಮೆಯೂ ತಿರುಗದೆ ನಡೆದರು.

ಅಲ್ಲಿಂದ ಮುಂದೆ ಅವರು ಆ ಮನೆಗೆ ಹೋಗುವಂತಿರಲಿಲ್ಲ, ಹೋದರೆ ಮತ್ತೆ 'ಬರ್ತೀನಿ' ಅಂದ ಹಾಗೇ ಆಗುತ್ತಿತ್ತು. ಅಷ್ಟು ದೂರದಿಂದ ಸೇವೆಗೆಂದು ಬಂದವರಿಗೆ ಅದಕ್ಕಿಂತ ಕಷ್ಟ ಬೇರೆ ಇರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಗುರುವಾರ ಬಂದರೆ ತಕ್ಕಡಿಯನ್ನು ಆಸ್ಪತ್ರೆಯ ತೊಲೆಗೆ ತೂಗುಹಾಕಿ, ಜೋಳಿಗೆ ಒಗೆದು ಸಿಕ್ಕಿಸಿ, ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಮತ್ತೆ ಪ್ರಾರ್ಥನೆಯ ಕೋಣೆಗೆ ಹೋಗುತ್ತಿದ್ದರು. ಹೇಗೆ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಇಲ್ಲಿಗೆ ಬರುವಾಗ ದೇವರನ್ನ ನಾನು ಹೊತ್ಕೊಂಡು ಬರ್ತಿದ್ದೀನಿ ಅನ್ನೋ ಹಾಗೆ ಬಂದೆ" ಎಂದರು. "ಈಗ ಆ ಮನೆಗೆ ನಾನು ಹೋಗೋ ಹಾಗಿಲ್ಲ. ಅವನೇ ಹೋಗಬೇಕು. ಹೋಗ್ತಾನೆ ಅಂತ ನಂಬೋದು ಬಿಟ್ಟು ನನಗೆ ಬೇರೆ ಕೆಲಸ ಇಲ್ಲ. ಇದನ್ನ ನಾನು ಮೊದಲು ಮಾಡೇ ಇರಲಿಲ್ಲ ಟೀಚರ್." ಇದನ್ನು ಅವರು ಮುದ್ದೆ ಅಗಿಯುತ್ತಾ ಹೇಳಿದರು. ಮೇಜಿನ ಮೇಲಿದ್ದ ಲಕೋಟೆ ಅಲ್ಲಿರಲಿಲ್ಲ. ಏನು ಮಾಡಿದರೋ ನಾನು ಕೇಳಲಿಲ್ಲ.

ಐದನೆಯದೋ ಆರನೆಯದೋ ಗುರುವಾರ... ಬಿಸಿಲು ಏರಿತ್ತು, ಅಜ್ಜಿ ಬಂದರು. ಕಂಕುಳಲ್ಲಿ ಕೂಸು, ಕೆನ್ನೆಗೆ ರೂಪಾಯಿಯಗಲ ಕಾಡಿಗೆ ಬೊಟ್ಟು. ಯಾರ ಮುಖವನ್ನೂ ನೋಡದೆ ಬೆಂಚಿನ ಮೇಲೆ ಕೂತು, "ನಾಲ್ಕು ದಿನದಿಂದ ಹಾಲು ಕುಡೀತಿಲ್ಲ" ಎಂದರು. ಸಿಸ್ಟರಮ್ಮ ಕೈ ತೊಳೆದು ಕೂಸನ್ನು ಎತ್ತಿಕೊಂಡರು. ಜೋಳಿಗೆಯಲ್ಲಿಟ್ಟಾಗ ಮುಳ್ಳು ಅಲ್ಲಾಡಿತೇ ಎಂದು ನಾನು ಬಗ್ಗಿ ನೋಡಬೇಕಾಯಿತು.

"ತೂಕ ಬಾಯಲ್ಲಿ ಹೇಳ್ಬೇಡಮ್ಮ, ದೃಷ್ಟಿ ಆಗ್ತದೆ" ಎಂದರು ಅಜ್ಜಿ. "ಬರ್ಕೋ ಅಷ್ಟೇ."

ಸಿಸ್ಟರಮ್ಮ ಬಾಯಿ ಬಿಗಿದುಕೊಂಡು ಬರೆದುಕೊಂಡರು. ಹಾಲು ಹೇಗೆ ಕಾಯಿಸಬೇಕು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಎಂದು ಅವರ ಕನ್ನಡದಲ್ಲಿ ಅವರು, ನನ್ನ ಕನ್ನಡದಲ್ಲಿ ನಾನು ಹೇಳಿದೆವು. ಅಜ್ಜಿ ಕೇಳಿಸಿಕೊಂಡು, ಔಷಧಿ ಸೆರಗಿಗೆ ಕಟ್ಟಿಕೊಂಡು, ಒಂದು ಮಾತೂ ಆಡದೆ ಎದ್ದು ಹೋದರು. ಸಿಸ್ಟರಮ್ಮನ ಮುಖ ಸಪ್ಪಗಾಯಿತು. "ಇನ್ನೂ ಕೋಪಾನಾ?"

"ಇಲ್ಲ ಸಿಸ್ಟರ್. ಆಸ್ಪತ್ರೆಯಿಂದ ಹೋಗುವಾಗಲೂ ಬರ್ತೀನಿ ಅನ್ನಲ್ಲ."

ನನ್ನನ್ನು ದಿಟ್ಟಿಸಿ ನೋಡಿ, ಬೆಂಚಿನ ಮೇಲೆ ಕುಸಿದು ಕೂತು ನಕ್ಕರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. "ನೀವು ಹೇಳಿಕೊಡದೇ ಇರೋದು ಇನ್ನೂ ಎಷ್ಟಿದೆ?"

ಮುಂದಿನ ಗುರುವಾರ ಅಜ್ಜಿ ಮತ್ತೆ ಬಂದರು. ಅದರ ಮುಂದಿನ ವಾರ ಅವರ ಹಿಂದೆ ಇನ್ನಿಬ್ಬರು. ಕೂಸು ಉಳಿಯಿತು. ಊರು ಆಸ್ಪತ್ರೆಗೆ ವಾಪಸಾಯಿತು. ನನಗೂ ಆರ್ಡರ್ ಬಂದು ಮೇಲೂರಿನ ಶಾಲೆಗೆ ಹೋದೆ, ಮದುವೆಯಾಗಿ ಚಿಂತಾಮಣಿಯಲ್ಲಿ ನೆಲೆಯಾದೆ. ಊರಿಗೆ ಬಂದಾಗಲೆಲ್ಲ ಸಿಸ್ಟರಮ್ಮನನ್ನು ನೋಡಿ ಬರುತ್ತಿದ್ದೆ. ಅವರು ನಮ್ಮೂರಿನಲ್ಲಿ ಇಪ್ಪತ್ತಾರು ವರ್ಷ ಇದ್ದರು. ಅಷ್ಟು ವರ್ಷದಲ್ಲಿ ಮದುವೆಮನೆ, ನಾಮಕರಣ, ಎಲ್ಲಿಂದ ಎದ್ದರೂ ಅವರು 'ಹೋಗ್ಬರ್ತೀನಿ' ಅಂದದ್ದನ್ನು ನಾನು ಕೇಳಲಿಲ್ಲ. ಕೈ ಮುಗಿದು ಹೊರಟುಬಿಡುತ್ತಿದ್ದರು. ಸಿಸ್ಟರಮ್ಮ ಇರುವುದೇ ಹಾಗೆ ಎಂದು ಜನ ಅಂದುಕೊಂಡಿದ್ದರು.

ಸೊಂಟದ ನೋವು ಹೆಚ್ಚಾಗಿ ಅವರ ಕಡೆಯವರು ವಾಪಸ್ ಕರೆಸಿಕೊಂಡರು. ಹೊರಡುವ ದಿನ ಬಸ್ ಸ್ಟಾಪಿನಲ್ಲಿ ಊರೇ ಸೇರಿತ್ತು. ಅಜ್ಜಿಗೆ ಆಗ ಬೆನ್ನು ಬಾಗಿ, ಕಣ್ಣು ಮಂಜಾಗಿತ್ತು. ಆ ಕೂಸು ಬೆಳೆದು, ಗೌರಿಬಿದನೂರಿಗೆ ಮದುವೆಯಾಗಿ, ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಳು. ಅವತ್ತು ರಜೆ ಹಾಕಿ ಬಂದು ಅಜ್ಜಿಯನ್ನು ಕೈ ಹಿಡಿದು ಕರೆತಂದಿದ್ದಳು. ಸಿಸ್ಟರಮ್ಮ ಎಲ್ಲರಿಗೂ ಕೈ ಮುಗಿದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರು. ಅಜ್ಜಿ ಅವರ ಸೆರಗು ಹಿಡಿದು ಎಳೆದರು.

"ಏನಮ್ಮಾ, ಹಂಗೇ ಹೋಗ್ತೀಯಾ? ಇದೇನು ಸಾವಿನ ಮನೇನಾ? ಹೋಗ್ಬರ್ತೀನಿ ಅನ್ನು."

ಕಂಡಕ್ಟರ್ ಸೀಟಿ ಊದಲು ಬಾಯಿಗಿಟ್ಟುಕೊಂಡವನು ಹಾಗೇ ನಿಂತ. ಸಿಸ್ಟರಮ್ಮ ಜನರ ನಡುವೆ ನನ್ನನ್ನು ಹುಡುಕಿ ನೋಡಿದರು. ಮತ್ತೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿಲ್ಲದೆ ಇರಲಿಲ್ಲ. ನಾನು ಹೂಂ ಎಂದು ತಲೆ ಆಡಿಸಿದೆ.

"ಹೋಗ್ಬರ್ತೀನಿ, ಅಜ್ಜಿ" ಎಂದರು. ಉಚ್ಚಾರ ಮೊದಲಿನಷ್ಟೇ ಸ್ಪಷ್ಟವಾಗಿತ್ತು.

ಅವರು ಬರಲಿಲ್ಲ. ವರ್ಷಕ್ಕೊಂದು ಕಾಗದ ಬರುತ್ತಿತ್ತು, ಕನ್ನಡದಲ್ಲೇ, ದೊಡ್ಡ ದೊಡ್ಡ ಅಕ್ಷರ. ಅಜ್ಜಿ ತೀರಿಕೊಂಡದ್ದನ್ನು ನಾನು ಬರೆದು ತಿಳಿಸಿದೆ. ಈಚೆಗೆ ಕಾಗದ ನಿಂತಿತ್ತು. ಕೊನೆಗೆ ಬಂದದ್ದು ಬೇರೆ ಯಾರೋ ಸಿಸ್ಟರ್ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಸಾಲು. ನಿದ್ದೆಯಲ್ಲೇ ಹೋದರಂತೆ, ಮಣ್ಣು ಮಾಡಿ ಆಗಲೇ ಎರಡು ತಿಂಗಳಾಗಿತ್ತು. ಗೌರಿಬಿದನೂರಿಗೆ, ಅಜ್ಜಿಯ ಮೊಮ್ಮಗಳಿಗೆ, ಫೋನ್ ಮಾಡಿ ಹೇಳಿದೆ. ಅವಳು ಫೋನಿನಲ್ಲಿ ಅತ್ತಳು, ನನಗೆ ಅಳು ಬರಲಿಲ್ಲ.

ಅಂಗನವಾಡಿಯಿಂದ ಬಂದ ಮಾರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಹೋದೆ. ಸಾವಿನ ಮನೆಗೆ ಹೋಗಿ ಬರಬೇಕಲ್ಲ, ಅವರದು ಅಂತ ನನಗೆ ಗೊತ್ತಿರುವ ಮನೆ ಅದೊಂದೇ. ಹೆಂಚು ಹೋಗಿ ಶೀಟು ಬಂದಿದೆ, ಆಸ್ಪತ್ರೆ ಇದ್ದ ಕಡೆ ಈಗ ಗೊಬ್ಬರದಂಗಡಿ. ಮೆಟ್ಟಿಲು ಮಾತ್ರ ಹಳೆಯದೇ. ಅಂಗಡಿಯವನು ಮೇಲೂರಿನ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಕುರ್ಚಿ ತರಲು ಎದ್ದ. ಬೇಡವೆಂದು ಕೈಸನ್ನೆ ಮಾಡಿ ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತು ಕೂತೆ.

ಎದ್ದಾಗ ಅವನು ಕೇಳಿದ, "ಹೊರಟ್ರಾ ಮಿಸ್? ಇನ್ಯಾವಾಗ ಬರ್ತೀರ?"

ನಾನು ಮೆಟ್ಟಿಲಿಳಿದೆ. ಮಿಸ್‌ಗೆ ಕಿವಿ ಕೇಳಿಸುತ್ತಿಲ್ಲ ಎಂದುಕೊಂಡನೋ ಏನೋ, ಮತ್ತೊಮ್ಮೆ ಜೋರಾಗಿ ಕೂಗಿ ಕೇಳಿದ. ಬಸ್ ಸ್ಟಾಪಿನವರೆಗೂ ತಿರುಗಿ ನೋಡದೆ ನಡೆದೆ.