ಸೊಣ್ಣಪ್ಪನ ಕೂಗು

ಸೊಣ್ಣಪ್ಪನ ಎಡಗೈಯಲ್ಲಿ ಎರಡೇ ಬೆರಳು. ಉಳಿದ ಮೂರನ್ನು ಗುಮ್ಮಳಾಪುರದ ಗುಡ್ಡದ ಕಲ್ಲೇ ತಿಂದಿತ್ತು. ಹಗ್ಗ ಹಿಡಿಯಲಾಗದವನು ಕಲ್ಲೆಳೆಯುವ ನಮ್ಮ ಗುಂಪಿಗೆ ಕೂಗುವವನಾದ. ಚಪ್ಪಡಿಯ ಪಕ್ಕ ನಿಂತು ಒಬ್ಬೊಬ್ಬರ ಹೆಸರೂ ಹಿಡಿದು ಕೂಗುತ್ತಿದ್ದ. "ಪಾಪಣ್ಣ ಹಿಡಿಯೋ" ಎಂದರೆ ಎಲ್ಲರೂ "ಐಸಾ" ಎಂದು ಒಟ್ಟಿಗೆ ಎಳೆಯಬೇಕು. ಆ ಪಾಪಣ್ಣ ನಾನೇ.

ಎಳೆಯುವವನಿಗೆ ಬೆನ್ನ ಹಿಂದಿನ ಕಲ್ಲು ಕಾಣುವುದಿಲ್ಲ. ಕಲ್ಲು ಉರುಳಿಕೊಂಡು ಬರಲೆಂದು ಅದರಡಿಗೆ ಮರದ ತುಂಡು ಇಡುತ್ತಿದ್ದವನು ಸೊಣ್ಣಪ್ಪನ ತಮ್ಮ ಚಿಕ್ಕಮುನಿಯಪ್ಪ. ನಮ್ಮ ಹೆಸರೆಲ್ಲ ಮುಗಿದ ಮೇಲೆ ಸೊಣ್ಣಪ್ಪ "ಚಿಕ್ಕ, ಮರ ಇಡೋ" ಎನ್ನುವನು. ತಮ್ಮನ ಕೈ ಆಚೆ ಬಂದದ್ದನ್ನು ಕಣ್ಣಾರೆ ನೋಡಿಯೇ ಮುಂದಿನ ಕೂಗು. ತಾಯಿಯಿಲ್ಲದ ತಮ್ಮನನ್ನು ಹೊತ್ತು ಬೆಳೆಸಿದ ಅಣ್ಣ ಅವನು.

ನಲವತ್ತನಾಲ್ಕನೇ ಇಸವಿಯಲ್ಲಿ ಹೊಸ ಮೇಸ್ತ್ರಿ ಬಂದ. ಮೂರು ದಿನ ನೋಡಿದ.

"ಬಾಯಿಗೆಲ್ಲ ಕೂಲಿ ಕೊಡಾಕಾಯ್ತದಾ? ನಾಳೆಯಿಂದ ನೀನು ಬರ್ಬ್ಯಾಡ ಕಣಯ್ಯ" ಎಂದ.

ಸೊಣ್ಣಪ್ಪ ನಮ್ಮ ಕಡೆ ನೋಡಿದ. ಹತ್ತು ಜನರಿದ್ದೆವು. ಬಾಯಿಗೆ ಕಡುಬು ತುರುಕಿಕೊಂಡವರ ಹಾಗೆ ನಿಂತೆವು. ಜೊತೆಗಾರನ ಪರ ಆಡದ ಬಾಯಿ ಇದ್ದರೆಷ್ಟು, ಹೋದರೆಷ್ಟು!

"ಚಿಕ್ಕನ ಕೈ ಆಚೆ ಬಂದ್ಮ್ಯಾಕೆ ಎಳೀರ್ಲಾ" ಎಂದಷ್ಟೇ ಹೇಳಿ ಹೊರಟ.

ಮಾರನೆಯ ದಿನ ನಾವು ನಾವೇ ಕೂಗಿಕೊಂಡೆವು. ಒಬ್ಬ ಎಳೆದರೆ ಇನ್ನೊಬ್ಬ ಉಸಿರು ಬಿಡುತ್ತಿದ್ದ. ಮಧ್ಯಾಹ್ನ ಯಾರೋ "ಐಸಾ" ಎಂದರು, ನಾನೂ ಎಳೆದೆ. ಹಿಂದೆ ಚಿಕ್ಕಮುನಿಯಪ್ಪ ಇನ್ನೂ ಬಗ್ಗಿದ್ದ. ಚಪ್ಪಡಿ ಅವನ ಮೇಲೆಯೇ ಏರಿತು. ನೀರು ತರುವಷ್ಟರಲ್ಲಿ ಉಸಿರು ನಿಂತಿತ್ತು. ಮೊದಲು ಕೂಗಿದ್ದು ತಾನೆಂದು ಇಂದಿಗೂ ಒಬ್ಬರೂ ಒಪ್ಪಿಲ್ಲ.

ತಿಥಿ ಕಳೆದ ಮೇಲೆ ಮೇಸ್ತ್ರಿಯೇ ಹೋಗಿ ಸೊಣ್ಣಪ್ಪನನ್ನು ಕರೆದ. ಬರಲಾರ ಎಂದುಕೊಂಡಿದ್ದೆ. ಬಂದ.

"ಹೆಂಗ್ ಬಂದ್ಯಣ್ಣಾ?" ಎಂದೆ.

"ಉಳಿದೋರ ಕೈಯಾದ್ರೂ ಉಳೀಲಿ ಕಣ್ಲಾ ಪಾಪಣ್ಣ."

ಹಗ್ಗದ ಮೇಲೆ ಮುಖವಿಟ್ಟು ಅತ್ತುಬಿಟ್ಟೆ.

ಕೂಗು ಶುರುವಾಯಿತು. ಮರ ಇಡಲು ಈಗ ಗೋಪಾಲಪ್ಪ ನಿಂತಿದ್ದ. ನಮ್ಮ ಹೆಸರೆಲ್ಲ ಮುಗಿಯಿತು. ಸೊಣ್ಣಪ್ಪ ಅದೇ ಗತಿಯಲ್ಲಿ "ಚಿಕ್ಕ, ಮರ ಇಡೋ" ಎಂದುಬಿಟ್ಟ.

ಗೋಪಾಲಪ್ಪ ಮರ ಹಿಡಿದುಕೊಂಡು ಹಾಗೇ ನಿಂತ. ನಾವ್ಯಾರೂ ಹಗ್ಗ ಬಿಡಲಿಲ್ಲ, ಎಳೆಯಲೂ ಇಲ್ಲ. ಸೊಣ್ಣಪ್ಪ ಬಗ್ಗಿ ಕಲ್ಲಿನಡಿಗೆ ನೋಡುತ್ತಾ, ತಮ್ಮನ ಕೈ ಆಚೆ ಬರಲೆಂದು ಕಾಯುತ್ತಿದ್ದ.