ಹರಕೆಯಿಲ್ಲದ ಕಡಲು

ರಾಜೀಮತಿ ಚನ್ನರಾಯಪಟ್ಟಣ ಬಿಟ್ಟು ಹೊರಗೆ ಕಾಲಿಟ್ಟಿದ್ದೆಲ್ಲ ಹರಕೆಯ ಹೆಸರಿನಲ್ಲೇ. ಗಂಡ ಶಾಂತರಾಜಯ್ಯನಿಗೆ ವಿಷಮಶೀತ ಜ್ವರ ಬಂದು ಇಳಿದಾಗ ಬೆಳಗೊಳದ ಬೆಟ್ಟ ಹತ್ತಿದಳು. ಮಗಳು ಬ್ರಾಹ್ಮಿಗೆ ಗಂಡು ಗೊತ್ತಾದಾಗ ಹೊಂಬುಜದ ಪದ್ಮಾವತಿಗೆ ಸೀರೆ ಒಪ್ಪಿಸಿ ಬಂದಳು. ಮಗ ವಿಮಲಕುಮಾರ ಎಸ್ಸೆಸ್ಸೆಲ್ಸಿ ಪಾಸಾದಾಗ ಧರ್ಮಸ್ಥಳ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿಯಬೇಕು, ಇಲ್ಲವೇ ಯಾರದಾದರೂ ಕೆಲಸ ಕೈಗೂಡಬೇಕು. ಆಗ ಮಾತ್ರ ಹೆಂಗಸಿಗೆ ಬಸ್ಸಿನಲ್ಲಿ ಸೀಟು. ಇದೆಂಥ ನ್ಯಾಯ ಎಂದು ಊರಲ್ಲಿ ಯಾವ ಹೆಂಗಸೂ ಕೇಳಿದ್ದಿಲ್ಲ. ಹರಕೆಯೂ ಇಲ್ಲದಿದ್ದರೆ ಅದೂ ಇಲ್ಲವಲ್ಲ!

ಶಾಂತರಾಜಯ್ಯನದು ತೆಂಗಿನಕಾಯಿ ಮಂಡಿ. ಅಲ್ಲಿಂದ ಘಟ್ಟದ ಕೆಳಗೆ ಕಾಯಿ ಸಾಗಿಸುತ್ತಿದ್ದವನು ಲಾರಿ ಡ್ರೈವರ್ ಗಂಗಯ್ಯ. ಒಂದು ದಿನ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಾ ಸಮುದ್ರದ ಮಾತು ತೆಗೆದ.

"ಮಲ್ಪೆ ಅಂತ ಊರವ್ವಾ. ಅಲ್ಲಿಂದ ದೋಣೀಲಿ ಓದ್ರೆ ನೀರ ನಡುವೆ ಒಂದು ತುಂಡು ನೆಲ. ಮನೆ ಇಲ್ಲ, ಮಠ ಇಲ್ಲ. ತೆಂಗಿನ ಮರ, ಕಲ್ಲು, ಮರಳು, ಅಷ್ಟೇಯ."

"ದೇವರು?"

"ದ್ಯಾವ್ರೂ ಇಲ್ಲ ಕಣವ್ವಾ."

ಆ ಮಾತು ರಾಜೀಮತಿಯ ತಲೆಯಲ್ಲಿ ಕೂತುಬಿಟ್ಟಿತು. ಒಲೆ ಊದುವಾಗಲೂ ಅದೇ, ಅಕ್ಕಿ ಆರಿಸುವಾಗಲೂ ಅದೇ.

ಅರವತ್ತೊಂದನೇ ಇಸವಿಯ ಚಳಿಗಾಲದಲ್ಲಿ ಬೀದಿಯ ಜೈನರೆಲ್ಲ ಸೇರಿ ವೇಣೂರು, ಮೂಡಬಿದಿರೆ, ಕಾರ್ಕಳಗಳಿಗೆ ಯಾತ್ರೆಯ ಬಸ್ಸು ಗೊತ್ತುಮಾಡಿದರು. ಮುಂದಾಳು ಶಾಂತರಾಜಯ್ಯನ ಅಣ್ಣ ಧರಣೇಂದ್ರಯ್ಯ, ಶಾಸ್ತ್ರ ಓದಿಕೊಂಡವನು. ದಾರಿಯಲ್ಲಿ ಧರ್ಮಸ್ಥಳವೂ ಸಿಗುತ್ತದೆಂದು ಪಕ್ಕದ ಮನೆಯ ಗೌಡರ ಪುಟ್ಟತಾಯಮ್ಮನೂ ಹೊರಟಳು. ಎಲ್ಲರೂ ಜಗಲಿಯಲ್ಲಿ ಕೂತು ಊರುಗಳ ಹೆಸರು ಹೇಳುತ್ತಿದ್ದಾಗ ರಾಜೀಮತಿ ಬಾಗಿಲಲ್ಲಿ ನಿಂತು ಹೇಳಿದಳು: "ಕಾರ್ಕಳದಿಂದ ಮಲ್ಪೆ ದೂರ ಇಲ್ವಂತೆ. ನಾನು ಅಲ್ಲಿ ದ್ವೀಪಕ್ಕೆ ಹೋಗಿಬರ್ತೀನಿ."

"ಏನಿದೆಯೇ ಅಲ್ಲಿ?" ಎಂದ ಶಾಂತರಾಜಯ್ಯ.

"ಏನೂ ಇಲ್ವಂತೆ. ಅದಕ್ಕೇ."

ಜಗಲಿಯೇ ನಕ್ಕಿತು. ಆಮೇಲೆ ಎಲ್ಲರೂ ತಲೆಗೊಂದು ಸಮುದ್ರ ತೋರಿಸಲು ಶುರುಮಾಡಿದರು. "ರಾಮೇಶ್ವರವೂ ದ್ವೀಪವೇ ಅಂತಲ್ಲ ರಾಜವ್ವ, ಅಲ್ಲಿಗಾರೆ ಓಗು. ಮುಳುಗಿದ್ರೆ ಪಾಪ ಓಯ್ತದೆ," ಎಂದಳು ಪುಟ್ಟತಾಯಮ್ಮ. ಮಗ ವಿಮಲಕುಮಾರ ಕನ್ಯಾಕುಮಾರಿ ಎಂದ. ಮೂರು ಸಮುದ್ರ ಒಟ್ಟಿಗೇ ಕಾಣುತ್ತವಂತೆ. ಇನ್ನಾರೋ ಗೋಕರ್ಣ ಎಂದರು.

"ಅಲ್ಲೆಲ್ಲ ದೇವರು ಮೊದಲೇ ಬಂದು ಜಾಗ ಹಿಡ್ಕೊಂಡಿದಾನೆ," ಎಂದಳು ರಾಜೀಮತಿ. "ಅವನ ಮುಂದೆ ನಿಂತ್ಮೇಲೆ ಏನಾದ್ರೂ ಕೇಳ್ಲೇಬೇಕು. ನಂಗೆ ಕೇಳೋಕೆ ಏನೂ ಇಲ್ಲ. ಸುಮ್ನೆ ಕೂತ್ಕೋಬೇಕು."

ಧರಣೇಂದ್ರಯ್ಯ ಗಂಟಲು ಸರಿಮಾಡಿಕೊಂಡ. "ಸಮುದ್ರದಲ್ಲಿ ಮೀಯೋದು ಮೂಢತೆ ಅಂತ ನಮ್ಮ ಶಾಸ್ತ್ರವೇ ಹೇಳುತ್ತಮ್ಮಾ."

"ಪುಣ್ಯ ಬರುತ್ತೆ ಅಂತ ಮಿಂದ್ರೆ ತಾನೆ ಭಾವನೋರೇ? ನಂಗೆ ಪುಣ್ಯ ಬೇಡ. ಕಾಲು ನೆನೆದ್ರೆ ಸಾಕು."

ಧರಣೇಂದ್ರಯ್ಯ ಶಲ್ಯ ಹೊದ್ದುಕೊಂಡು ಮನೆಗೆ ಹೋದ. ಒಳಗೆ ಬಂದ ಶಾಂತರಾಜಯ್ಯ ತಗ್ಗಿದ ದನಿಯಲ್ಲಿ ಹೆಂಡತಿಯನ್ನು ಬೇಡಿಕೊಂಡ. ಅವನೇನು ಕೆಟ್ಟವನಲ್ಲ, ನಾಲ್ಕು ಜನರ ಬಾಯಿಗೆ ಹೆದರುವವನು, ಅಷ್ಟೇ. "ಒಂದು ಹರಕೆ ಇದೆ ಅಂತ ಹೇಳ್ಬಿಡೇ. ಯಾರೂ ಉಸಿರೆತ್ತಲ್ಲ."

"ನಿಮ್ಮ ಜ್ವರಕ್ಕೆ ಹೋದೆ, ಮಗಳ ಮದುವೆಗೆ ಹೋದೆ, ಮಗನ ಪರೀಕ್ಷೆಗೆ ಹೋದೆ. ಇದೊಂದು ಸಲ ನಂಗೋಸ್ಕರ ಹೋಗ್ತೀನಿ. ಹರಕೆ ಅಂತ ಸುಳ್ಳು ಹೇಳಿ ಹೋದ್ರೆ ನಾನು ಹೋದ ಹಾಗೇ ಅಲ್ಲ."

ಶಾಂತರಾಜಯ್ಯ ಮಂಡಿಯ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂತ. ಗೊತ್ತಾದ ದಿನ ಯಾತ್ರೆಯ ಬಸ್ಸು ಹೊರಟಿತು. ಕಾರ್ಕಳದಲ್ಲಿ ಗೊಮ್ಮಟನ ದರ್ಶನ ಮುಗಿಸಿ ಎಲ್ಲರೂ ಬಸ್ಸು ಹತ್ತಿದರೂ ರಾಜೀಮತಿ ಹತ್ತಲಿಲ್ಲ. ಬಸ್ಸಿನ ಮೂತಿಗೆ ಎದುರಾಗಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಡ್ರೈವರ್ ಹಾರನ್ ಹೊಡೆದ, ಭಾವ ಗದರಿದ, ಗಂಡ ಕೈಸನ್ನೆ ಮಾಡಿದ. ಅವಳು ಜಗ್ಗಲಿಲ್ಲ. ಕೊನೆಗೆ ಡ್ರೈವರನೇ ನಗುತ್ತಾ ಬಸ್ಸನ್ನು ಮಲ್ಪೆಯ ಕಡೆ ತಿರುಗಿಸಿದ.

ಮಲ್ಪೆಯ ಮರಳಿನಲ್ಲಿ ಮೀನಿನ ದೋಣಿಯೊಂದು ಸಿಕ್ಕಿತು. ದೋಣಿಯವನು ನೀರು ಎರಚಿ ತೊಳೆದುಕೊಟ್ಟ, ವಾಸನೆ ಹೋಗಲಿಲ್ಲ. ರಾಜೀಮತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಆದರೂ ಹತ್ತಿ ಕೂತಳು. ದಡದಲ್ಲಿ ನಿಂತವರೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಜೈನರ ಹೆಂಗಸು, ಮೀನಿನ ದೋಣಿ! ಶಾಂತರಾಜಯ್ಯನಿಗೆ ಆ ನೋಟ ತಡೆಯಲಾಗಲಿಲ್ಲ.

"ಅವಳದೊಂದು ಹಳೇ ಹರಕೆ ಇತ್ತು," ಎಂದುಬಿಟ್ಟ.

ದಡದ ಮುಖಗಳೆಲ್ಲ ಸಡಿಲವಾದವು. ಹಾಗೆ ಮೊದಲೇ ಹೇಳಬಾರದಿತ್ತೇ ಎಂದು ಹೆಂಗಸರು ಮುಂದೆ ಬಂದರು. ಒಬ್ಬಳು ಅರಿಸಿನ ಕುಂಕುಮದ ಪೊಟ್ಟಣ ಕೊಟ್ಟಳು. ಪುಟ್ಟತಾಯಮ್ಮ ಧರ್ಮಸ್ಥಳದಿಂದ ಉಳಿಸಿಕೊಂಡಿದ್ದ ತೆಂಗಿನಕಾಯಿಯನ್ನು ಅವಳ ಮಡಿಲಿಗಿಟ್ಟಳು. "ನಂದೂ ಒಂದು ಗಂಗಮ್ಮನಿಗೆ ಬುಟ್ಬುಡು ರಾಜವ್ವ."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ದೋಣಿ ಹೊರಡುತ್ತಿತ್ತು, ಗಂಡನ ಮಾನ ಉಳಿಯುತ್ತಿತ್ತು, ದ್ವೀಪವೂ ಸಿಗುತ್ತಿತ್ತು. ಆದರೆ ರಾಜೀಮತಿಗೆ ಸಿಟ್ಟು ಉಕ್ಕಿ ಬಂತು. ಇಷ್ಟು ದೂರ ಬಂದಮೇಲೂ ಇವರು ತನ್ನನ್ನು ತಾನಾಗಿ ಹೋಗಲು ಬಿಡುತ್ತಿಲ್ಲವಲ್ಲ! ಅಲೆಯ ಸದ್ದನ್ನೂ ಮೀರಿಸಿ ಕೂಗಿ ಹೇಳಿದಳು:

"ಯಾವ ಹರಕೆನೂ ಇಲ್ಲ! ನಂಗೆ ಆಸೆಯಾಯ್ತು, ಹೋಗ್ತಿದೀನಿ. ಈ ಕಾಯಿ ಯಾರಿಗೂ ಬಿಡಲ್ಲ. ಒಡೆದು ತಿಂತೀನಿ!"

ಶಾಂತರಾಜಯ್ಯನ ಮುಖ ಸಣ್ಣಗಾಯಿತು. ಅವಳಿಗೆ ಅಯ್ಯೋ ಅನ್ನಿಸಿತು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊಟ್ಟವಳು ಕಾಯಿ ವಾಪಸ್ಸು ಕೇಳುತ್ತಾಳೇನೋ ಎಂದು ಪುಟ್ಟತಾಯಮ್ಮನ ಕಡೆ ನೋಡಿದಳು. ಪುಟ್ಟತಾಯಮ್ಮ ಒಂದು ಗಳಿಗೆ ಸಮುದ್ರ ನೋಡಿದಳು, ಒಂದು ಗಳಿಗೆ ಬಸ್ಸು ನೋಡಿದಳು. ಆಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದಳು.

"ತಡಿಯಪ್ಪಾ ದೋಣಿಯವ್ನೇ. ನಾನೂ ಬತ್ತೀನಿ. ನಂಗೂ ಯಾವ ಅರಕೆನೂ ಇಲ್ಲ ಕಣ."

ದ್ವೀಪ ಗಂಗಯ್ಯ ಹೇಳಿದ ಹಾಗೇ ಇತ್ತು. ತೆಂಗಿನ ಮರ, ಮರಳು, ನೀರು. ಮರಗಳ ಆಚೆ ಮಾತ್ರ ಕಪ್ಪು ಕಲ್ಲಿನ ಕಂಬಗಳು ಸಾಲಾಗಿ, ಮೂಲೆ ತೆಗೆದಂತೆ ಎದ್ದು ನಿಂತಿದ್ದವು. "ಅಯ್ಯೋ ಶಿವನೇ, ಗುಡಿ ಇತ್ತು ಕಣವ್ವಾ ಇಲ್ಲಿ!" ಎಂದು ಪುಟ್ಟತಾಯಮ್ಮ ಅಲ್ಲೇ ಕೈಮುಗಿದಳು.

ರಾಜೀಮತಿ ಕಂಬಗಳ ಕಡೆ ತಿರುಗಿದಳು. ಇಲ್ಲಿಗೂ ಬಂದುಬಿಟ್ಟಿದ್ದನೇ ದೇವರು? ಹತ್ತಿರ ಹೋಗಿ ಒಂದೊಂದು ಕಂಬವನ್ನೂ ಅಂಗೈಯಿಂದ ಸವರಿದಳು. ಹುಟ್ಟಿದಾಗಿನಿಂದ ಬಸದಿಯ ಕಂಬಗಳಿಗೆ ಒರಗಿ ಬೆಳೆದವಳು ಅವಳು. ಇವುಗಳ ಮೇಲೆ ಒಂದು ಗೀರಿಲ್ಲ, ಒಂದು ಹೂವಿನ ಗೆರೆಯಿಲ್ಲ. ಬಿಸಿಲು ಬಿದ್ದು ಬೆಚ್ಚಗಿದ್ದವು.

"ಯಾರೂ ಕೆತ್ತಿಲ್ಲ. ತಾವೇ ಹಿಂಗೆ ಎದ್ದಿವೆ," ಎಂದು ನಕ್ಕಳು. ಕಾಯಿಯನ್ನು ಆ ಕಲ್ಲಿಗೇ ಒಡೆದಳು. ಅರ್ಧ ಹೋಳು ಪುಟ್ಟತಾಯಮ್ಮನ ಮುಂದೆ ಹಿಡಿದರೆ ಅವಳು ಪ್ರಸಾದ ತೆಗೆದುಕೊಳ್ಳುವಂತೆ ಕಣ್ಣಿಗೊತ್ತಿಕೊಳ್ಳಲು ಹೋದಳು. ರಾಜೀಮತಿ ಆ ಕೈ ಹಿಡಿದುಕೊಂಡಳು.

"ಕಣ್ಣಿಗೊತ್ಕೋಬೇಡ ಪುಟ್ಟತಾಯಿ. ತಿನ್ನು."